ಹೊರರೋಗಿ ಚೀಟಿಯಲ್ಲಿ ಆಂಟಿಬಯೋಟಿಕ್: ಕಲಬುರಗಿ ಭಾಗದ ವೈದ್ಯರಿಗೊಂದು ಮಾರ್ಗದರ್ಶಿ

ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿ, ಹೀಗೆ ಕಲಬುರಗಿ ಜಿಲ್ಲೆಯ ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ಬೆಳಗಿನ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಒಬ್ಬ ರೋಗಿಯ ಸಲುವಾಗಿ ಸಿಗುವುದು ಕೆಲವೇ ನಿಮಿಷ. ಜ್ವರ, ನೆಗಡಿ, ಕೆಮ್ಮು, ಭೇದಿ ಎಂದು ಬಂದವರ ಸಾಲು ಬಾಗಿಲಾಚೆಗೂ ಚಾಚಿರುವಾಗ ಅಜಿತ್ರೊಮೈಸಿನ್ ಎಂದೋ ಸೆಫಿಕ್ಸಿಮ್ ಎಂದೋ ಬರೆದು ಮುಂದಿನವರನ್ನು ಕರೆಯುವುದು ಅತ್ಯಂತ ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಹೀಗೆ ಬರೆದ ಪ್ರತಿಯೊಂದು ಅನವಶ್ಯಕ ಕೋರ್ಸ್ ಆ ರೋಗಿಯ ಕರುಳಿನಲ್ಲಿಯೂ ಅವರ ಮನೆಯವರ ನಡುವೆಯೂ ಔಷಧಕ್ಕೆ ಬಗ್ಗದ ನಿರೋಧಕ ಬ್ಯಾಕ್ಟೀರಿಯಾಗಳಿಗೆ ಜಾಗ ಮಾಡಿಕೊಡುತ್ತದೆ ಮತ್ತು ನಾಳೆ ಅದೇ ಮನೆಯ ಬಾಣಂತಿಗೋ ಹಸುಗೂಸಿಗೋ ನಿಜವಾಗಿ ಸೋಂಕಾದಾಗ ನಮ್ಮ ಕೈಯಲ್ಲಿರುವ ಔಷಧ ಕೆಲಸ ಮಾಡದಂತಾಗುತ್ತದೆ.

ಈ ಬರಹ ಹೌಸ್ ಸರ್ಜನ್‌ಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೊರರೋಗಿಗಳನ್ನು ನೋಡುವವರಿಗೆ ಉದ್ದೇಶಿಸಿದ್ದು. ಇದರ ಆಧಾರ ಎರಡು ನಿಯಮಗಳು. ಚೀಟಿಯ ಮೇಲೆ ರೋಗದ ಹೆಸರು ಬರೆಯುವ ಮೊದಲು ಆಂಟಿಬಯೋಟಿಕ್‌ನ ಹೆಸರು ಬರೆಯಬಾರದು. ಆಂಟಿಬಯೋಟಿಕ್ ಕೊಡದಿದ್ದಾಗ ಏನು ಮಾಡಬೇಕು, ಯಾವಾಗ ಮರಳಿ ಬರಬೇಕು ಎಂಬುದನ್ನು ಬರೆಯದೆ ರೋಗಿಯನ್ನು ಕಳಿಸಬಾರದು. ಮೊದಲನೆಯದು ಈಗ ಕೇವಲ ಸಲಹೆಯ ಮಟ್ಟದಲ್ಲಿ ಉಳಿದಿಲ್ಲ. ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಸೂಕ್ಷ್ಮಜೀವಿನಾಶಕ ಔಷಧ ಬರೆಯುವಾಗ ಅದರ ಕಾರಣವನ್ನೂ ಕಡ್ಡಾಯವಾಗಿ ನಮೂದಿಸಬೇಕೆಂದು ಕೇಳಿಕೊಂಡಿದೆ.

ಮೊದಲ ಹೆಜ್ಜೆ: ಅಪಾಯದಲ್ಲಿರುವವರನ್ನು ಬೇರ್ಪಡಿಸುವುದು

ಆಂಟಿಬಯೋಟಿಕ್ ಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಮೊದಲು ಈ ರೋಗಿ ಹೊರರೋಗಿಯಾಗಿ ಇರಬಹುದೇ ಎಂಬುದನ್ನು ನಿರ್ಧರಿಸಬೇಕು. ಉಸಿರಾಟದ ಸಂಖ್ಯೆಯನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸುವುದು ನಮ್ಮಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಪರೀಕ್ಷೆಯಾಗಿದ್ದು, ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಎರಡು ತಿಂಗಳೊಳಗಿನ ಶಿಶುವಿನಲ್ಲಿ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ವಯಸ್ಕರಲ್ಲಿ ಉಸಿರು 30 ಮುಟ್ಟಿದರೆ, ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿದ್ದರೆ ಅಥವಾ ಮಾತಿನಲ್ಲಿ ಗೊಂದಲ ಕಂಡರೆ ಅವರನ್ನು ಚೀಟಿ ಕೊಟ್ಟು ಕಳಿಸುವಂತಿಲ್ಲ.

ಹಾಲು ಬಿಟ್ಟಿರುವ, ಮೈ ಬಿಸಿಯಾಗಿರುವ ಅಥವಾ ತಣ್ಣಗಾಗಿರುವ ಎರಡು ತಿಂಗಳೊಳಗಿನ ಶಿಶು, ಪಕ್ಕೆ ಸೆಳೆಯುತ್ತ ಉಸಿರಾಡಲು ಒದ್ದಾಡುತ್ತಿರುವ ಮಗು, ಫಿಟ್ಸ್ ಬಂದವರು, ಕುತ್ತಿಗೆ ಬಿಗಿದವರು ಇವರಿಗೆಲ್ಲ ತಡಮಾಡದೆ ಮೊದಲ ಡೋಸ್ ಇಂಜೆಕ್ಷನ್ ಕೊಟ್ಟು, ಕೊಟ್ಟ ಔಷಧ ಮತ್ತು ಸಮಯವನ್ನು ಚೀಟಿಯಲ್ಲಿ ಬರೆದು, 108ರಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆಂಟಿಬಯೋಟಿಕ್ ಮಿತವಾಗಿ ಬಳಸಬೇಕೆಂಬ ಮಾತು ಇಂಥವರಿಗೆ ಅನ್ವಯಿಸುವುದಿಲ್ಲ. ನಿಜವಾಗಿ ಬೇಕಾದವರಿಗೆ ಒಂದು ಗಂಟೆಯೂ ತಡವಾಗದಿರಲಿ ಎಂಬುದಕ್ಕಾಗಿಯೇ ಬೇಡದವರಿಗೆ ಕೊಡದಿರುವ ಶಿಸ್ತು ಬೇಕಾಗಿದೆ.

ಎರಡನೆಯ ಹೆಜ್ಜೆ: ನೆಗಡಿ, ಗಂಟಲು, ಕೆಮ್ಮು

ಹೊರರೋಗಿ ವಿಭಾಗದಲ್ಲಿ ಅನವಶ್ಯಕ ಆಂಟಿಬಯೋಟಿಕ್ ಹೆಚ್ಚಾಗಿ ಖರ್ಚಾಗುವುದು ಇಲ್ಲಿಯೇ. ನೆಗಡಿ ವೈರಸ್‌ನಿಂದ ಬರುವ ಕಾಯಿಲೆ. ಮೂಗಿನ ಸಿಂಬಳ ಅಥವಾ ಕಫ ಹಳದಿಯಾಗಿದೆ, ಹಸಿರಾಗಿದೆ ಎಂಬುದೊಂದೇ ಬ್ಯಾಕ್ಟೀರಿಯಾದ ಗುರುತಲ್ಲ. ಆರೋಗ್ಯವಂತ ವಯಸ್ಕರಲ್ಲಿ ತೀವ್ರ ಬ್ರಾಂಕೈಟಿಸ್‌ನ (ಶ್ವಾಸನಾಳದ ಉರಿಯೂತ) ಕೆಮ್ಮು ಎರಡು ಮೂರು ವಾರ ಉಳಿಯುವುದು ಸಹಜ. ಐದನೆಯ ದಿನವೂ ಕೆಮ್ಮು ನಿಂತಿಲ್ಲ ಎಂದು ರೋಗಿ ಮರಳಿ ಬಂದಾಗ ಔಷಧ ಬದಲಿಸಬೇಕಾಗಿಲ್ಲ, ಎದೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕೆಮ್ಮು ಎರಡು ವಾರ ದಾಟಿದರೆ ಕಫವನ್ನು ಕ್ಷಯ ಪರೀಕ್ಷೆಗೆ ಕಳಿಸಲೇಬೇಕು. ಇಂಥ ಕೆಮ್ಮಿಗೆ ಲಿವೊಫ್ಲಾಕ್ಸಸಿನ್ ಅಥವಾ ಬೇರೆ ಯಾವುದೇ ಫ್ಲೂರೋಕ್ವಿನಲೋನ್ ಬರೆಯುವುದು ತಪ್ಪು ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಆ ಗುಂಪಿನ ಔಷಧ ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುವುದರಿಂದ ಕೆಲವು ದಿನ ಹಗುರಾದಂತೆ ಕಂಡು ರೋಗನಿರ್ಣಯ ಮುಂದಕ್ಕೆ ಹೋಗುತ್ತದೆ, ಜೊತೆಗೆ ಮುಂದೆ ಔಷಧ ನಿರೋಧಕ ಕ್ಷಯದ ಚಿಕಿತ್ಸೆಗೆ ಬೇಕಾಗುವ ಔಷಧವನ್ನೇ ನಾವು ಮೊದಲು ಕೆಡಿಸಿದಂತಾಗುತ್ತದೆ.

ಗಂಟಲು ನೋವಿನಲ್ಲಿ ನಾಲ್ಕು ಅಂಶ ನೋಡಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಟಾನ್ಸಿಲ್ ಮೇಲೆ ಬಿಳಿ ಲೇಪವಿದೆಯೇ, ಕುತ್ತಿಗೆಯ ಮುಂಭಾಗದ ಗಂಟುಗಳು ಮುಟ್ಟಿದರೆ ನೋಯುತ್ತವೆಯೇ, ಕೆಮ್ಮು ಇಲ್ಲವೇ. ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್ ಬೇಡ. ಪ್ಯಾರಾಸಿಟಮಾಲ್, ಉಪ್ಪು ಹಾಕಿದ ಬಿಸಿನೀರಿನಿಂದ ಬಾಯಿ ಮುಕ್ಕಳಿಸುವುದು ಸಾಕು. ಮೂರು ನಾಲ್ಕು ಅಂಶಗಳಿರುವ ಶಾಲಾ ವಯಸ್ಸಿನ ಮಗುವಿಗೆ ಮಾತ್ರ ನಮ್ಮ ಭಾಗದಲ್ಲಿ ಚಿಕಿತ್ಸೆ ಕೊಡುವುದೇ ಸರಿ, ಏಕೆಂದರೆ ಇಂಥ ಗಂಟಲು ಸೋಂಕಿನ ಬೆನ್ನಿಗೆ ಬರಬಹುದಾದ ರುಮ್ಯಾಟಿಕ್ ಹೃದ್ರೋಗ ಇಲ್ಲಿ ಇನ್ನೂ ಮಾಯವಾಗಿಲ್ಲ. ಅಮಾಕ್ಸಿಸಿಲಿನ್ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂನಂತೆ, ಗರಿಷ್ಠ 1 ಗ್ರಾಂ ಮೀರದಂತೆ, ದಿನಕ್ಕೊಮ್ಮೆ 10 ದಿನ ಕೊಡಬಹುದು. ಹತ್ತು ದಿನ ಔಷಧ ಕುಡಿಸುವುದು ಮನೆಯವರಿಗೆ ಸಾಧ್ಯವಿಲ್ಲ ಎನಿಸಿದರೆ ಬೆಂಜಥೀನ್ ಪೆನಿಸಿಲಿನ್ ಒಂದೇ ಇಂಜೆಕ್ಷನ್ ಸಾಕು. ಇದರ ಪ್ರಮಾಣ 27 ಕಿಲೋಗಿಂತ ಕಡಿಮೆ ತೂಕದವರಿಗೆ 6 ಲಕ್ಷ ಯೂನಿಟ್, ಅದಕ್ಕಿಂತ ಮೇಲ್ಪಟ್ಟವರಿಗೆ 12 ಲಕ್ಷ ಯೂನಿಟ್. ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಪುಣೆ, ಮುಂಬಯಿ, ಹೈದರಾಬಾದ್ ಕಡೆ ಹೊರಟು ನಿಂತ ಕುಟುಂಬದ ಮಗುವಿಗೆ ಈ ಒಂದೇ ಇಂಜೆಕ್ಷನ್ ಎಷ್ಟು ಅನುಕೂಲ ಎಂಬುದನ್ನು ನಮ್ಮ ಭಾಗದ ವೈದ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಅಲರ್ಜಿ ವಿಚಾರಿಸಿಕೊಂಡು, ಅಡ್ರಿನಲಿನ್ ಕೈಗೆಟಕುವಂತೆ ಇಟ್ಟುಕೊಂಡು ಕೊಡಬೇಕು.

ವೇಗದ ಉಸಿರಾಟವಿದ್ದು ಬೇರೆ ಅಪಾಯದ ಗುರುತುಗಳಿಲ್ಲದ ಮಗುವಿನ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಕಿಲೋಗೆ 40 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 5 ದಿನ. ಮನೆಯಲ್ಲಿದ್ದೇ ಚಿಕಿತ್ಸೆ ಪಡೆಯಬಹುದಾದ ವಯಸ್ಕರ ನ್ಯುಮೋನಿಯಾಕ್ಕೆ 1 ಗ್ರಾಂ ಎಂಟು ಗಂಟೆಗೊಮ್ಮೆ 5 ದಿನ. ಎರಡು ದಿನದ ನಂತರ ಇವರನ್ನು ಮತ್ತೆ ನೋಡಲೇಬೇಕು.

ಮೂರನೆಯ ಹೆಜ್ಜೆ: ಜ್ವರ ಮತ್ತು ವೈಡಾಲ್

ನಮ್ಮ ಭಾಗದಲ್ಲಿ ವೈಡಾಲ್ ಪರೀಕ್ಷೆಯಷ್ಟು ಆಂಟಿಬಯೋಟಿಕ್ ಬರೆಸುವ ಕಾಗದ ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ. ಜ್ವರ ಬಂದ ಎರಡನೆಯ ದಿನವೇ ಪ್ರಯೋಗಾಲಯದ ಚೀಟಿ ಹಿಡಿದು "ಟೈಫಾಯ್ಡ್ ಬಂದದ್ರಿ ಸಾಹೇಬ್ರ" ಎಂದು ಬರುವವರು ದಿನವೂ ಇರುತ್ತಾರೆ. ವೈಡಾಲ್ ಅಳೆಯುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಟೈಫಾಯ್ಡ್ ಸದಾ ಇರುವ ಊರುಗಳಲ್ಲಿ ಹಿಂದೊಮ್ಮೆ ಬಂದ ಸೋಂಕಿನ ಪ್ರತಿಕಾಯಗಳು ಆರೋಗ್ಯವಂತರ ರಕ್ತದಲ್ಲಿಯೂ ಉಳಿದಿರುತ್ತವೆ, ಮಲೇರಿಯಾದಂಥ ಬೇರೆ ಜ್ವರಗಳಲ್ಲಿಯೂ ಪರೀಕ್ಷೆ ಪಾಸಿಟಿವ್ ಬರಬಹುದು; ಇತ್ತ ನಿಜವಾದ ಟೈಫಾಯ್ಡ್‌ನ ಮೊದಲ ವಾರದಲ್ಲಿ ಅದು ನೆಗೆಟಿವ್ ಆಗಿರಬಹುದು. ಹತ್ತು ಹದಿನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ಮಾಡಿಸಿ ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಅಷ್ಟು ಹೊತ್ತಿಗೆ ರೋಗಿಗೆ ಅದರಿಂದ ಪ್ರಯೋಜನವಿರುವುದಿಲ್ಲ. ಆದ್ದರಿಂದ ಒಂಟಿ ವೈಡಾಲ್ ವರದಿಯ ಮೇಲೆ ಚಿಕಿತ್ಸೆ ಆರಂಭಿಸಬಾರದು, ಅದನ್ನು ಬರೆದು ಕಳಿಸುವುದನ್ನೂ ನಿಲ್ಲಿಸಬೇಕು.

ಅದರ ಬದಲು ಏನು ಮಾಡಬೇಕೆಂದರೆ, ಮೊದಲ ಮೂರು ದಿನದ ಜ್ವರದಲ್ಲಿ ಬೇರೆ ಗುರುತುಗಳಿಲ್ಲದಿದ್ದರೆ ಮಲೇರಿಯಾ ಪರೀಕ್ಷೆ ಮಾಡಿಸಿ, ಪ್ಯಾರಾಸಿಟಮಾಲ್ ಕೊಟ್ಟು, ನೀರು ಮಜ್ಜಿಗೆ ಹೆಚ್ಚಾಗಿ ಕುಡಿಯಲು ಹೇಳಿ, ಮರಳಿ ಬರುವ ದಿನ ಬರೆಯಬೇಕು. ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಡೆಂಗ್ಯೂ ಶಂಕೆ ಇದ್ದರೆ ಮೊದಲ ಐದು ದಿನದೊಳಗೆ ವೈರಸ್‌ನ ಅಂಶವನ್ನು ಹುಡುಕುವ ಎನ್‌ಎಸ್1, ನಂತರ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ. ಕಲಬುರಗಿಯ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುವಾಗ ಮೈ ಬಿಸಿಯಾಗಿ ಬಂದ ಮಗುವಿನಲ್ಲಿ ಬಿಸಿಲ ಝಳ ಮತ್ತು ನೀರು ಕಡಿಮೆಯಾದುದನ್ನೂ ಯೋಚಿಸಬೇಕು. ಜ್ವರ ಐದು ದಿನ ಮೀರಿ, ನಾಲಿಗೆಗೆ ಲೇಪ ಬಂದು, ಹೊಟ್ಟೆ ನೋವು ಇದ್ದು ಟೈಫಾಯ್ಡ್ ಎಂಬ ಶಂಕೆ ಬಲವಾದರೆ, ಸಾಧ್ಯವಿರುವ ಕಡೆ ಮೊದಲ ಗುಳಿಗೆಗಿಂತ ಮುಂಚೆ ರಕ್ತದ ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾದರಿ ತೆಗೆಯಬೇಕು. ಆಮೇಲೆ ಅಜಿತ್ರೊಮೈಸಿನ್ ಕಿಲೋಗೆ 20 ಮಿಲಿಗ್ರಾಂನಂತೆ, ದಿನಕ್ಕೆ 1 ಗ್ರಾಂ ಮೀರದಂತೆ, 7 ದಿನ. ಸಿಪ್ರೊಫ್ಲಾಕ್ಸಸಿನ್‌ಗೆ ದಕ್ಷಿಣ ಏಷ್ಯಾದ ಟೈಫಾಯ್ಡ್ ರೋಗಾಣು ಬಹುತೇಕ ಬಗ್ಗುವುದಿಲ್ಲ. ಸರಿಯಾದ ಔಷಧ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕರಿಂದ ಏಳು ದಿನ ಬೇಕಾಗಬಹುದು. ಇದನ್ನು ಮೊದಲ ದಿನವೇ ಮನೆಯವರಿಗೆ ತಿಳಿಸದಿದ್ದರೆ ಅವರು ಮೂರನೆಯ ದಿನ ಬೇರೆ ದವಾಖಾನೆಗೆ ಹೋಗುತ್ತಾರೆ, ಅಲ್ಲಿ ಎರಡನೆಯ ಆಂಟಿಬಯೋಟಿಕ್ ಸೇರಿಕೊಳ್ಳುತ್ತದೆ.

ಹೊಲದಲ್ಲಿ, ಪೊದೆಗಳ ನಡುವೆ ಕೆಲಸ ಮಾಡುವವರಿಗೆ ಐದಾರು ದಿನದ ಜ್ವರ ಇದ್ದರೆ ಕಂಕುಳು, ತೊಡೆಸಂದು, ಸೊಂಟದ ಸುತ್ತ ಬಟ್ಟೆ ಸರಿಸಿ ನೋಡಬೇಕು. ಸುಟ್ಟ ಗಾಯದಂಥ ಕಪ್ಪು ಹೆಕ್ಕಳ ಸಿಕ್ಕರೆ ಅದು ಪೊದೆಗಳಲ್ಲಿನ ಸಣ್ಣ ನುಸಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ 7 ದಿನ. ಇದಕ್ಕೆ ಸೆಫಿಕ್ಸಿಮ್ ಕೆಲಸ ಮಾಡುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ: ಭೇದಿ, ಮೂತ್ರ, ಚರ್ಮ

ನೀರು ನೀರಾದ ಭೇದಿಗೆ ಓಆರ್‌ಎಸ್ ಮತ್ತು ಮಕ್ಕಳಿಗೆ ಸತು, ಅಂದರೆ ಜಿಂಕ್. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20, ಎರಡರಿಂದ ಆರು ತಿಂಗಳವರಿಗೆ 10 ಮಿಲಿಗ್ರಾಂ, ಒಟ್ಟು 14 ದಿನ. ಆಫ್ಲಾಕ್ಸಸಿನ್–ಆರ್ನಿಡಜೋಲ್ ಜೋಡಿ ಔಷಧವನ್ನು ಪ್ರತಿ ಭೇದಿಗೂ ಬರೆಯುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಮೆಡಿಕಲ್ ಅಂಗಡಿಯವರೇ ಕೇಳುವ ಮುನ್ನ ಅದನ್ನು ತೆಗೆದುಕೊಡುತ್ತಾರೆ. ಬ್ಯಾಕ್ಟೀರಿಯಾ ಮತ್ತು ಅಮೀಬಾ ಎರಡಕ್ಕೂ ಒಟ್ಟಿಗೇ ಔಷಧ ಬೇಕಾಗುವ ರೋಗಿ ಬಲು ಅಪರೂಪ. ಎರಡೂ ಇರಲಿ ಎಂದು ಕೊಡುವುದು ರೋಗನಿರ್ಣಯ ಮಾಡಿಲ್ಲ ಎಂಬುದನ್ನಷ್ಟೇ ತೋರಿಸುತ್ತದೆ. ಮಲದಲ್ಲಿ ರಕ್ತ ಮತ್ತು ಜ್ವರ ಇದ್ದಾಗ, ಅಥವಾ ಕಾಲರಾ ಶಂಕೆಯಿದ್ದು ತೀವ್ರವಾಗಿ ನೀರು ಕಳೆದುಕೊಂಡಾಗ ಮಾತ್ರ ಆಂಟಿಬಯೋಟಿಕ್‌ಗೆ ಸ್ಥಾನವಿದೆ. ಒಂದೇ ಓಣಿಯಿಂದ ಅಥವಾ ಒಂದೇ ತಾಂಡಾದಿಂದ ಹಲವರು ಭೇದಿಯೆಂದು ಬಂದರೆ ಚೀಟಿ ಬರೆಯುವುದರ ಜೊತೆಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅಂದೇ ಫೋನ್ ಮಾಡಬೇಕು. ಅಲ್ಲಿ ಮೊದಲು ಆಗಬೇಕಾದ ಕೆಲಸ ಕುಡಿಯುವ ನೀರಿನ ಪೈಪು, ಬೋರ್‌ವೆಲ್ ನೋಡುವುದು.

ಮೂತ್ರದಲ್ಲಿ ಉರಿ, ಪದೇ ಪದೇ ಹೋಗಬೇಕೆನಿಸುವುದು ಇದ್ದು ಜ್ವರ, ಬೆನ್ನುನೋವು ಇಲ್ಲದ, ಗರ್ಭಿಣಿಯಲ್ಲದ ಮಹಿಳೆಗೆ ನೈಟ್ರೊಫ್ಯುರಾಂಟೊಯಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ 5 ದಿನ ಒಳ್ಳೆಯ ಆಯ್ಕೆ. ಮೂತ್ರಪಿಂಡದ ಕೆಲಸ ತೀರ ಕುಗ್ಗಿದವರಿಗೂ ತುಂಬು ತಿಂಗಳ ಗರ್ಭಿಣಿಗೂ ಇದು ಸಲ್ಲದು. ಗರ್ಭಿಣಿಯರು, ಗಂಡಸರು, ಮತ್ತೆ ಮತ್ತೆ ಸೋಂಕಾಗುವವರು, ಜ್ವರ ಇರುವವರು ಇವರಿಗೆ ಔಷಧಕ್ಕಿಂತ ಮೊದಲು ಮೂತ್ರದ ಕಲ್ಚರ್ ಕಳಿಸಬೇಕು. ಯಾವ ತೊಂದರೆಯೂ ಇಲ್ಲದ ಮಧುಮೇಹಿಯ ಮೂತ್ರ ಪರೀಕ್ಷೆಯಲ್ಲಿ ಕೀವಿನ ಕಣ ಕಂಡಿತೆಂದು ಆಂಟಿಬಯೋಟಿಕ್ ಬರೆಯಬಾರದು.

ಸಣ್ಣ ಕುರುವಿಗೆ ಕೀವು ಹೊರತೆಗೆಯುವುದೇ ಚಿಕಿತ್ಸೆ. ತೊಗರಿ, ಹತ್ತಿ ಹೊಲದಲ್ಲಿ ಕೂಳೆ ಚುಚ್ಚಿಸಿಕೊಂಡು ಬಂದವರ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಮುರಿದ ತುಂಡು ಒಳಗುಳಿದಿದೆಯೇ ನೋಡಿ, ಧನುರ್ವಾಯು ಲಸಿಕೆ ಕೊಟ್ಟರೆ ಬಹುಮಟ್ಟಿಗೆ ಸಾಕು. ಸುತ್ತಲಿನ ಚರ್ಮ ಕೆಂಪಾಗಿ, ಬಿಸಿಯಾಗಿ ಹರಡುತ್ತಿದ್ದರೆ ಸೆಫಲೆಕ್ಸಿನ್ 500 ಮಿಲಿಗ್ರಾಂ ಆರು ಅಥವಾ ಎಂಟು ಗಂಟೆಗೊಮ್ಮೆ 5 ದಿನ. ಕೆಂಪು ಎಲ್ಲಿಯವರೆಗಿದೆ ಎಂದು ಪೆನ್ನಿನಿಂದ ಗೆರೆ ಎಳೆದು ಕಳಿಸಿದರೆ ಎರಡು ದಿನದ ನಂತರ ಏರಿದೆಯೋ ಇಳಿದಿದೆಯೋ ಎಂಬುದು ರೋಗಿಗೇ ತಿಳಿಯುತ್ತದೆ. ಹುಳುಕಡ್ಡಿಗೆ ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರೂ ಕೂಡಿದ ಮುಲಾಮು ಬೇಡವೇ ಬೇಡ. ಹಲ್ಲುನೋವಿಗೆ ನೋವಿನ ಗುಳಿಗೆ ಕೊಟ್ಟು ದಂತವೈದ್ಯರ ಬಳಿ ಕಳಿಸಬೇಕು.

ಐದನೆಯ ಹೆಜ್ಜೆ: ಔಷಧ ಆರಿಸಿ ಚೀಟಿ ಬರೆಯುವುದು

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಎಂದು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಡಾಕ್ಸಿಸೈಕ್ಲಿನ್, ನೈಟ್ರೊಫ್ಯುರಾಂಟೊಯಿನ್, ಕೋಟ್ರೈಮಾಕ್ಸಜೋಲ್, ಮೆಟ್ರೊನಿಡಜೋಲ್ ಮೊದಲ ಗುಂಪಿನವು. ಹೊರರೋಗಿ ವಿಭಾಗದ ಬಹುಪಾಲು ಕೆಲಸ ಇವುಗಳಲ್ಲಿಯೇ ಮುಗಿಯಬೇಕು. ನಾವು ಅತಿ ಸಲುಗೆಯಿಂದ ಬರೆಯುವ ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಲಿವೊಫ್ಲಾಕ್ಸಸಿನ್ ಎಲ್ಲವೂ ಎಚ್ಚರದಿಂದ ಬಳಸಬೇಕಾದ ವಾಚ್ ಗುಂಪಿನವು. ಲಿನೆಜೋಲಿಡ್ ಮತ್ತು ಫಾರೋಪೆನೆಂ ರಿಸರ್ವ್, ಅಂದರೆ ಕಾಯ್ದಿರಿಸಿದ ಗುಂಪಿಗೆ ಸೇರಿದ್ದು, ಗುಳಿಗೆಯ ರೂಪದಲ್ಲಿ ಸಿಗುತ್ತವೆ ಎಂಬ ಕಾರಣಕ್ಕೆ ಹೊರರೋಗಿ ಚೀಟಿಯಲ್ಲಿ ಕಾಣಿಸಿಕೊಳ್ಳಬಾರದು. ಜಗತ್ತಿನಾದ್ಯಂತ ಮನುಷ್ಯರಿಗೆ ಬಳಸುವ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ ಶೇ. 70 ಆಕ್ಸೆಸ್ ಗುಂಪಿನವಾಗಿರಬೇಕೆಂಬ 2030ರ ಗುರಿಯನ್ನು ವಿಶ್ವಸಂಸ್ಥೆ 2024ರಲ್ಲಿ ಒಪ್ಪಿಕೊಂಡಿದೆ.

ಬರೆಯುವ ಮೊದಲು ಮೂರು ಮಾತು ಕೇಳಬೇಕು. ಈಗಾಗಲೇ ಯಾವ ಗುಳಿಗೆ ತೆಗೆದುಕೊಂಡಿದ್ದೀರಿ, ಖಾಲಿ ಪಟ್ಟಿ ಇದೆಯೇ. ಬೇರೆ ಯಾವ ಕಾಯಿಲೆಗೆ ಔಷಧ ನಡೆದಿದೆ. ಯಾವುದಾದರೂ ಔಷಧ ಆಗಿಬರುವುದಿಲ್ಲವೇ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ನುಂಗುವವರಿಗೆ ಫ್ಲೂರೋಕ್ವಿನಲೋನ್ ಕೊಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಡಾಕ್ಸಿಸೈಕ್ಲಿನ್ ಅನ್ನು ಕಬ್ಬಿಣದ ಗುಳಿಗೆಯ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಪೆನಿಸಿಲಿನ್ ಆಗಿಬರುವುದಿಲ್ಲ ಎಂದರೆ ಏನಾಗಿತ್ತು ಎಂದು ವಿಚಾರಿಸಬೇಕು. ಭೇದಿಯೋ ಹೊಟ್ಟೆ ತೊಳಸಿದ್ದೋ ಆಗಿದ್ದರೆ ಅದು ಅಲರ್ಜಿಯಲ್ಲ.

ಚೀಟಿಯಲ್ಲಿ ರೋಗದ ಹೆಸರು, ಔಷಧದ ಜೆನೆರಿಕ್ ಹೆಸರು ದೊಡ್ಡಕ್ಷರದಲ್ಲಿ, ಪ್ರಮಾಣ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ನಿಲ್ಲಿಸುವ ತಾರೀಕು ಇರಬೇಕು. ಮಕ್ಕಳಿದ್ದರೆ ತೂಕ ಬರೆದು, ಸಿರಪ್ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿ ನಮೂದಿಸಬೇಕು. ಒಂದೇ ಒಂದು ಜೆಂಟಾಮೈಸಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಾಕಿ ಕಳಿಸುವುದರಿಂದ ನೆಗಡಿ ಜ್ವರಕ್ಕೆ ಯಾವ ಉಪಕಾರವೂ ಆಗುವುದಿಲ್ಲ. ಸೆಫಲೋಸ್ಪೊರಿನ್‌ಗಳ ಮೂರನೆಯ ಪೀಳಿಗೆಯ ಔಷಧಗಳೂ ಸೇರಿದಂತೆ 46 ಔಷಧಗಳನ್ನು 2014ರ ಮಾರ್ಚ್‌ನಿಂದ ಔಷಧ ನಿಯಮಗಳ ಎಚ್1 ಅನುಸೂಚಿಗೆ (ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿ) ತರಲಾಗಿದ್ದು, ಅವನ್ನು ಮಾರುವ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು ಬರೆದ ರಿಜಿಸ್ಟರನ್ನು ಮೂರು ವರ್ಷ ಇಟ್ಟಿರಬೇಕು. ಆಸ್ಪತ್ರೆ ಎದುರಿನ ಅಂಗಡಿಯವರೊಂದಿಗೆ ಇದನ್ನು ಕುಳಿತು ಮಾತನಾಡುವುದು ನಮ್ಮ ಕೆಲಸವೇ.

ಆರನೆಯ ಹೆಜ್ಜೆ: ರೋಗಿಯೊಂದಿಗೆ ಮಾತು

"ಸರ, ಒಂದ್ ಸೂಜಿ ಮಾಡ್ರಿ, ನಾಳಿಗಿ ಕೂಲಿಗಿ ಹೋಗ್ಬೇಕ್ರಿ" ಎನ್ನುವವರ ಮಾತಿನ ಹಿಂದೆ ಒಂದು ದಿನದ ಕೂಲಿಯ ಚಿಂತೆಯಿದೆ. ಅದನ್ನು ಹಠವೆಂದು ತಿಳಿಯಬಾರದು. ಅವರು ಕೇಳುತ್ತಿರುವುದು ಬೇಗ ಗುಣವಾಗುವುದನ್ನು. ಆದ್ದರಿಂದ ಬರೀ "ಬೇಡ" ಎನ್ನದೆ, ನೋಡಿದ್ದನ್ನು ಹೇಳಬೇಕು. "ಅಕ್ಕಾ, ಕೂಸಿನ ಉಸುರು ಎಣಿಸಿ ನೋಡೀನಿ, ಎದಿ ಚೊಲೊ ಅದ. ಇದು ನೆಗಡಿ ಜ್ವರ, ಸೂಜಿಗಿ ಬಗ್ಗಂಗಿಲ್ಲ, ಮೂರ್ನಾಕು ದಿನದಾಗ ತಾನೇ ಇಳಿತದ. ಕೂಸು ಹಾಲು ಬಿಟ್ರ, ಉಸುರು ಜೋರಾದ್ರ, ಮಬ್ಬಾದ್ರ ರಾತ್ರಿಯಾದ್ರೂ ಕರ್ಕೊಂಡ್ ಬರ್ರಿ." ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಇದೇ ಮಾತು ದಖನಿ, ಲಂಬಾಣಿ, ತೆಲುಗು, ಮರಾಠಿಯಲ್ಲಿ ಬೇಕಾದಾಗ ಆಸ್ಪತ್ರೆಯ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ನೆರವು ಪಡೆಯಬೇಕು. ಆಂಟಿಬಯೋಟಿಕ್ ಕೊಟ್ಟಾಗ, ಹೇಳಿದಷ್ಟು ದಿನ ನುಂಗಿ ನಿಲ್ಲಿಸಬೇಕು, ಉಳಿದ ಗುಳಿಗೆಯನ್ನು ಮನೆಯ ಇನ್ನೊಬ್ಬರಿಗೆ ಕೊಡಬಾರದು, ಮುಂದಿನ ಜ್ವರಕ್ಕೆ ಎತ್ತಿಡಬಾರದು ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ದೂರದ ತಾಂಡಾದಿಂದ ಬಂದು ಎರಡು ದಿನಕ್ಕೆ ಮತ್ತೆ ಬರಲು ಬಸ್ಸಿಲ್ಲ ಎನ್ನುವವರಿಗೆ ಮುಂಜಾಗ್ರತೆಯಾಗಿ ಆಂಟಿಬಯೋಟಿಕ್ ಕೊಟ್ಟು ಕಳಿಸುವ ಮನಸ್ಸಾಗುವುದು ಸಹಜ. ಅದಕ್ಕಿಂತ ಸಮೀಪದ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೆ ಫೋನ್ ಮಾಡಿ, ನಾಡಿದ್ದು ಈ ಮಗುವಿನ ಉಸಿರು ಎಣಿಸಿ ತಿಳಿಸಿ ಎಂದು ಹೇಳುವುದು ಉತ್ತಮ.

ಏಳನೆಯ ಹೆಜ್ಜೆ: ತಿಂಗಳಿಗೊಮ್ಮೆ ಎಣಿಸಿ ನೋಡುವುದು

ಯಾರ ಹೆಸರನ್ನೂ ಎತ್ತದೆ, ತಿಂಗಳ ಕೊನೆಗೆ ನೂರು ಹೊರರೋಗಿ ಚೀಟಿಗಳನ್ನು ತೆಗೆದು ಕುಳಿತುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿಯೇ ಇದಕ್ಕೆ ಸರಳ ಅಳತೆಗಳನ್ನು ಕೊಟ್ಟಿದೆ. ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಔಷಧ, ಎಷ್ಟು ಜೆನೆರಿಕ್ ಹೆಸರಿನಲ್ಲಿ, ಎಷ್ಟು ಚೀಟಿಗಳಲ್ಲಿ ಆಂಟಿಬಯೋಟಿಕ್, ಎಷ್ಟರಲ್ಲಿ ಇಂಜೆಕ್ಷನ್, ಎಷ್ಟು ಔಷಧ ಅತ್ಯವಶ್ಯಕ ಪಟ್ಟಿಯಿಂದ. ಇವುಗಳ ಜೊತೆಗೆ ನಾನು ಸೇರಿಸಬಯಸುವುದು ಎರಡು: ಆಂಟಿಬಯೋಟಿಕ್ ಇರುವ ಚೀಟಿಗಳಲ್ಲಿ ರೋಗದ ಹೆಸರು ಎಷ್ಟರಲ್ಲಿದೆ, ಆಕ್ಸೆಸ್ ಗುಂಪಿನ ಪಾಲು ಎಷ್ಟು. ಫಾರ್ಮಸಿಸ್ಟರನ್ನು ಈ ಸಭೆಗೆ ತಪ್ಪದೆ ಕರೆಯಬೇಕು, ಏಕೆಂದರೆ ಅಮಾಕ್ಸಿಸಿಲಿನ್ ಸಿರಪ್ ಮುಗಿದಿತ್ತು ಎಂಬ ಒಂದೇ ಕಾರಣಕ್ಕೆ ಆ ತಿಂಗಳು ಸೆಫಿಕ್ಸಿಮ್ ಏರಿರಬಹುದು, ಆಗ ಸರಿಪಡಿಸಬೇಕಾದದ್ದು ಔಷಧ ಬೇಡಿಕೆಯ ಪಟ್ಟಿಯನ್ನು. ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗಗಳಿಂದ, ಯಾವ ರೋಗಾಣು ಯಾವ ಔಷಧಕ್ಕೆ ಬಗ್ಗುತ್ತಿದೆ ಎಂಬ ಸ್ಥಳೀಯ ಪಟ್ಟಿಯನ್ನು ಕೇಳಿ ತರಿಸಿಕೊಂಡು ಗೋಡೆಗೆ ಹಚ್ಚಬೇಕು. ಆಮೇಲೆ ಒಂದೇ ಒಂದು ವಿಷಯ ಆರಿಸಿಕೊಂಡು, ಉದಾಹರಣೆಗೆ ನೆಗಡಿಗೆ ಬರೆದ ಅಜಿತ್ರೊಮೈಸಿನ್ ಅಥವಾ ಒಂಟಿ ವೈಡಾಲ್, ಮುಂದಿನ ತಿಂಗಳು ಅದನ್ನಷ್ಟೇ ಮತ್ತೆ ಎಣಿಸಬೇಕು.